ವಿಭೂತಿ ಹಚ್ಚಿಕೊಂಡ ನಾಲ್ಕು ಬಾಟಲಿ

ಮಸ್ಕಿ
22 ಅಕ್ಟೋಬರ್ 2024

ಪೂಜ್ಯ ಪಂಪಾಪತಿ ಸರ್ ಅವರಿಗೆ,

ನಿಮ್ಮ ಶಿಷ್ಯೆ ಶಿವರಂಜನಿಯ ನಮಸ್ಕಾರಗಳು. ಮನೆಯಲ್ಲಿ ಜಂಬಮ್ಮನವರಿಗೂ ತಿಳಿಸಿ. ಫೋನ್ ಮಾಡಿದರೆ ನೀವು 'ಬರೆದು ಕಳಿಸು' ಎಂದು ಕಟ್ ಮಾಡುತ್ತೀರೆಂದು ಗೊತ್ತು, ಅದಕ್ಕೇ ನೇರ ಕಾಗದಕ್ಕೇ ಕೈ ಹಾಕಿದ್ದೇನೆ. ಫೋನಿನಲ್ಲಿ ಫಿಫ್ಟೀನ್ ಅಂದದ್ದು ಫಿಫ್ಟಿಯಾಗಿ ಕೇಳಿಸಿ ಯಾರದೋ ಕೈ ಸುಡುತ್ತದೆ, ಲ್ಯಾಬಿನ ಮಾತು ಕಾಗದದ ಮೇಲೇ ಇರಬೇಕು ಎಂದು ನೀವು ಕ್ಲಾಸಿನಲ್ಲಿ ಹೇಳುತ್ತಿದ್ದುದನ್ನು ಮರೆತಿಲ್ಲ. ಇದನ್ನು ಸಿಂಧನೂರು–ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಮುಕ್ತಿಯಾರ್ ತಂದುಕೊಡುತ್ತಾನೆ. ಅವನೂ ನಿಮ್ಮ ಹಳೆಯ ಶಿಷ್ಯನೇ, ಹಾಗಾಗಿ ಟಿಕೆಟ್ ಕೇಳಲಿಲ್ಲ.

ಸರ್, ಒಂದು ಎಡವಟ್ಟಾಗಿದೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ನೀವು ನಿವೃತ್ತರಾದ ಮೇಲೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆಯುಧ ಪೂಜೆಯೇ ಆಗಿರಲಿಲ್ಲವಂತೆ. ಜೂನ್‌ನಲ್ಲಿ ನಿಮ್ಮ ಕುರ್ಚಿಗೆ ಬಂದ ನನಗೆ ಈ ಸಲ ಜೋರಾಗಿ ಮಾಡಬೇಕೆಂಬ ಹುರುಪು. ದಸರಾ ರಜೆಗೆ ಮುಂಚೆಯೇ ಪೂಜೆ ಇಟ್ಟುಕೊಂಡೆವು. "ಒಂದೊಂದು ಬಾಟಲಿನೂ ಫಳಫಳ ಅನ್ನಬೇಕು ನೋಡ್ರಿ" ಎಂದವಳು ನಾನೇ. ಅಟೆಂಡರ್ ಗದ್ದೆಮ್ಮ ಹುಡುಗಿಯರನ್ನು ಜೊತೆಗೆ ಹಾಕಿಕೊಂಡು ಕಪಾಟು, ಬಾಟಲಿ ಎಲ್ಲವನ್ನೂ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದಳು. ಆಮೇಲೆ ಪ್ರತಿ ಬಾಟಲಿಗೂ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡು ಹೂವು. ಕಾಯಿ ಒಡೆದು, ಪ್ರಸಾದಕ್ಕೆ ಮಂಡಾಳು ಹಂಚಿ, ಬೀಗ ಹಾಕಿ ಊರಿಗೆ ಹೋದೆವು.

ನಿನ್ನೆ ಬಾಗಿಲು ತೆಗೆದೆ. ಕಂಪನಿಯ ಅಚ್ಚಿನ ಚೀಟಿ ಇದ್ದ ಬಾಟಲಿಗಳು ಚೆನ್ನಾಗಿಯೇ ಇವೆ. ಆದರೆ ನೀವು ಮೈದಾ ಅಂಟಿನಲ್ಲಿ ಕೈಬರಹದ ಚೀಟಿ ಹಚ್ಚಿದ್ದ ನಾಲ್ಕು ಕಂದು ಬಾಟಲಿಗಳಿದ್ದವಲ್ಲ, ಆ ಚೀಟಿಗಳು ಸೋಪಿನ ನೀರಿನ ಜೊತೆ ಮೋರಿಗೆ ಹೋಗಿವೆ. ಸಲ್ಫ್ಯೂರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲ, ನೈಟ್ರಿಕ್ ಆಮ್ಲ, ಅಮೋನಿಯಾ ದ್ರಾವಣ. ನಾಲ್ಕೂ ನೀರು ಬೆರೆಸದ ಗಟ್ಟಿ ಮಾಲು. ಯಾವುದು ಯಾವುದು ಎಂದು ಆ ಶಿವನಿಗೇ ಗೊತ್ತು. ನಾಲ್ಕೂ ಒಂದೇ ಅಳತೆ, ಒಂದೇ ಬಣ್ಣ, ಮಠದ ಪಂಕ್ತಿಯಲ್ಲಿ ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತವರ ಹಾಗೆ ಸಾಲಾಗಿ ಕೂತಿವೆ.

ಪ್ರಿನ್ಸಿಪಾಲ್ ಶಿವಕಾಂತ ಸರ್‌ಗೆ ಇಷ್ಟೇ ಸಾಕಾಯಿತು. "ಈ ರಗಳೆ ಯಾಕ ಬೇಕ್ರಿ ಮೇಡಂ? ಲ್ಯಾಬ್ ಬಂದ್ ಮಾಡಿ ದೊಡ್ಡ ಪರದೆ ಹಾಕೋಣ. ಹುಡುಗ್ರು ವಿಡಿಯೋದಾಗ ನೋಡಿ ಕಲೀತಾವ" ಎಂದರು. ನವೆಂಬರ್ ಹನ್ನೊಂದಕ್ಕೆ ಆಡಳಿತ ಮಂಡಳಿಯವರು ಬರುತ್ತಾರೆ. ಅಷ್ಟರೊಳಗೆ ಈ ಬಾಟಲಿಗಳ ಹೆಸರು ಗೊತ್ತಾಗದಿದ್ದರೆ ನಿಮ್ಮ ಲ್ಯಾಬ್ ಇರುವುದಿಲ್ಲ. ನಾನು ಮೊದಲ ಸಲ ಟೆಸ್ಟ್‌ಟ್ಯೂಬ್ ಹಿಡಿದದ್ದು ಅಲ್ಲೇ ಸರ್.

ದಾರಿಯನ್ನೂ ಪ್ರಿನ್ಸಿಪಾಲರೇ ಹೇಳಿದರು. "ಪಂಪಾಪತಿ ಸರ್‌ನ ಕರೆಸ್ರಿ. ಅವರು ಮುಚ್ಚಳ ತೆಗೆದು ಹಿಂಗ ಮೂಸಿದ್ರಂದ್ರ ಹೆಸರು ಹೇಳಿಬಿಡ್ತಿದ್ರು." ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಮೂಗಿನದೇ ಮಾತು. ಒಂದು ದಿನದ ಮಟ್ಟಿಗೆ ಬಂದು ಹೋಗುತ್ತೀರಾ?

ನಿಮ್ಮ
ಶಿವರಂಜನಿ


ಲಿಂಗಸುಗೂರು
24 ಅಕ್ಟೋಬರ್ 2024

ಚಿ. ರಂಜನಿಗೆ ಆಶೀರ್ವಾದಗಳು.

ಪೂರ್ತಿ ಓದಿದೆ. ಈಗ ಬೈಯುತ್ತೇನೆ. ದೇವರ ಪಟಕ್ಕೆ ಹಚ್ಚುವ ವಿಭೂತಿಯನ್ನು ನೈಟ್ರಿಕ್ ಆಮ್ಲಕ್ಕೆ ಹಚ್ಚಿದವಳು ನೀನೊಬ್ಬಳೇ. ಬಾಗಿಲಿನ ಚೌಕಟ್ಟಿಗೆ ಹಚ್ಚಿ ಕೈಮುಗಿದಿದ್ದರೆ ಸಾಕಿತ್ತು, ದೇವರು ಒಳಗಿನ ಬಾಟಲಿಗಳನ್ನೂ ಎಣಿಸಿಕೊಳ್ಳುತ್ತಿದ್ದ. ಗದ್ದೆಮ್ಮನಿಗೆ ಏನೂ ಅನ್ನಬೇಡ. ತೊಳೆ ಅಂದರೆ ಅವಳು ಗೋಡೆಯ ಸುಣ್ಣ ಹೋಗುವವರೆಗೂ ತೊಳೆಯುವವಳು.

ನನ್ನ ಮೊಣಕಾಲು ನೋಯುತ್ತಿದೆ, ಬರಲಾಗುವುದಿಲ್ಲ.

ಇನ್ನು ಕೆಲಸದ ಮಾತು. ಹೆಸರಿಲ್ಲದ ಬಾಟಲಿಯನ್ನು ಕಂಡರೆ ನಾಲ್ಕರಲ್ಲಿ ಅತಿ ಕೆಟ್ಟದ್ದು ಅದೇ ಎಂದು ತಿಳಿದು ಮುಟ್ಟಬೇಕು. ಇಲ್ಲಿ ಕೆಟ್ಟದ್ದು ಯಾವುದು ಗೊತ್ತೇನು? ಅಮೋನಿಯಾ. ಆಮ್ಲ ಎಂದರೆ ಊರೆಲ್ಲ ಹೆದರುತ್ತದೆ. ಅಮೋನಿಯಾ ಎಂದರೆ ಕೊಟ್ಟಿಗೆಯ ವಾಸನೆ, ಯೂರಿಯಾ ಚೀಲದ ವಾಸನೆ ಎಂದು ಜನಕ್ಕೆ ಸಲಿಗೆ. ಆದರೆ ನಮ್ಮ ಬಿಸಿಲಿಗೆ ಅದರ ಬಾಟಲಿಯೊಳಗೆ ಗ್ಯಾಸ್ ಕೂಡಿಕೊಂಡು ಮುಚ್ಚಳವನ್ನು ಒತ್ತುತ್ತಿರುತ್ತದೆ. ಸಡಿಲಿಸಿದ ಕೂಡಲೇ ಗೋಲಿ ಸೋಡಾದ ಹಾಗೆ ಚಿಮ್ಮುತ್ತದೆ. ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ನಿನ್ನ ಕಪಾಟು ಪಡುವಣ ಕಿಟಕಿಯ ಎದುರಿಗೇ ಇದೆ, ಮಧ್ಯಾಹ್ನದ ಬಿಸಿಲು ಪೂರಾ ಅದರ ಮೇಲೆ. ಮೊದಲು ಕಿಟಕಿಗೆ ಪರದೆ ಕಟ್ಟು. ಯಾವ ಬಾಟಲಿಯನ್ನೇ ತೆಗೆಯುವುದಿರಲಿ, ಅದನ್ನು ಅರ್ಧ ಗಂಟೆ ತಣ್ಣೀರಿನ ಬಕೆಟ್‌ನಲ್ಲಿ ನಿಲ್ಲಿಸಿ, ಕನ್ನಡಕ, ಕೈಗವಸು ಹಾಕಿಕೊಂಡು, ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ ತೆಗೆ. ಬಾಟಲಿಯ ಬಾಯಿ ಎಂದು ಬಿಡಿಸಿ ಹೇಳಬೇಕಿಲ್ಲ ತಾನೆ?

ಗದ್ದೆಮ್ಮ ಆ ಕಪಾಟಿನ ಕೆಳಗೆ ಬ್ಲೀಚಿಂಗ್ ಪುಡಿ ಹಾಕಿ ನೆಲ ಒರೆಸುತ್ತಾಳೆ. ನಿಲ್ಲಿಸು. ಅದಕ್ಕೆ ಆಮ್ಲ ಬಿದ್ದರೂ ಕೆಟ್ಟ ಹೊಗೆ, ಅಮೋನಿಯಾ ಬಿದ್ದರೂ ಕೆಟ್ಟ ಹೊಗೆ, ಎರಡೂ ಎದೆಗೆ ಹಿಡಿಯುತ್ತವೆ.

ಮೂಗಿನ ಮಾತನ್ನು ಬಿಡು. ನಿನಗೆ ಎರಡು ವರ್ಷ, ಗೊತ್ತಿಲ್ಲದ ಉಪ್ಪಿನ ಹೆಸರು ಹಿಡಿಯುವ ಸಾಲ್ಟ್ ಅನಾಲಿಸಿಸ್ ಕಲಿಸಿದ್ದು ಯಾತಕ್ಕೆ? ನನ್ನ ಮೂಗು ಬೇಡುವ ಬದಲು ನಿನ್ನ ತಲೆ ಓಡಿಸು.

ಪಂಪಾಪತಿ


ಮಸ್ಕಿ
26 ಅಕ್ಟೋಬರ್ 2024

ಪೂಜ್ಯ ಸರ್,

ಪರದೆ ಕಟ್ಟಿದ್ದೇನೆ. ಗದ್ದೆಮ್ಮನ ಹಳೆಯ ಸೀರೆ, ಹಸಿರು ಅಂಚಿನದು. ಬ್ಲೀಚಿಂಗ್ ಪುಡಿಯ ಡಬ್ಬಿ ಲ್ಯಾಬಿನಿಂದ ಹೊರಗೆ ಹೋಗಿದೆ. "ಹದಿನೈದು ವರ್ಷ ಹಾಕೀನ್ರಿ, ಏನೂ ಆಗಿಲ್ಲ" ಎಂದು ಗದ್ದೆಮ್ಮ ಮುಖ ಊದಿಸಿಕೊಂಡಳು. ನೀವೇ ಬರೆದದ್ದು ಎಂದು ಕಾಗದ ಓದಿ ತೋರಿಸಿದ ಮೇಲೆ "ಸರ್ ಅಂದ್ರ ಮುಗೀತು ಬಿಡ್ರಿ" ಎಂದಳು.

ಆದರೆ ಸರ್, ಮೊಣಕಾಲಿನ ವಿಷಯಕ್ಕೆ ನನಗೆ ಸ್ವಲ್ಪ ಅನುಮಾನವಿದೆ. ದಿನಾ ಬೆಳಿಗ್ಗೆ ನೀವು ಬಸ್‌ಸ್ಟ್ಯಾಂಡ್ ದಾಟಿ ಬಿರಬಿರನೆ ವಾಕಿಂಗ್ ಹೋಗುವುದನ್ನು ಮುಕ್ತಿಯಾರ್ ನೋಡುತ್ತಾನಂತೆ. "ಬಸ್ಸಿಗಿಂತ ಮುಂದ ಹೋಗ್ತಾರ" ಎಂದು ಅವನ ಮಾತು.

ನನ್ನ ಮೇಲೆ ಸಿಟ್ಟೇ? ನಿಮ್ಮ ಕೈಬರಹದ ಚೀಟಿ ಕಳೆದೆನೆಂದೇ? ಅದು ನನಗೂ ಬೇಸರದ ವಿಷಯ. ಅಮೋನಿಯಾದ 'ಮೋ'ಗೆ ನೀವು ಎಳೆಯುತ್ತಿದ್ದ ಉದ್ದ ಬಾಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಂಧನೂರಿನಲ್ಲಿರುವ ನನ್ನ ಅಣ್ಣನ ಕಾರು ಕಳಿಸುತ್ತೇನೆ, ಜವಳಗೇರಾದಿಂದ ನಮ್ಮಪ್ಪನನ್ನೂ ಜೊತೆಗೆ ಕಳಿಸುತ್ತೇನೆ. ಒಂದು ಗಂಟೆ ಸಾಕು. ಬನ್ನಿ, ನಾಲ್ಕು ಸಲ ಮೂಸಿ, ಚಹಾ ಕುಡಿದು ಹೋಗಿ. ಲ್ಯಾಬ್ ಹೋಗಿಬಿಡುತ್ತದೆ ಸರ್.

ಶಿವರಂಜನಿ


ಲಿಂಗಸುಗೂರು
28 ಅಕ್ಟೋಬರ್ 2024

ಚಿ. ರಂಜನಿಗೆ,

ಮೊಣಕಾಲು ಬೆಳಿಗ್ಗೆ ನೋಯುವುದಿಲ್ಲ, ಮಧ್ಯಾಹ್ನ ನೋಯುತ್ತದೆ. ದೀಪಾವಳಿಗೆ ಬೀಗರು ಬರುತ್ತಾರೆ. ಅದಾದ ಮೇಲೆ ಒಂದು ಮದುವೆ. ಕಾರು ಕಳಿಸಬೇಡ. ಮುಕ್ತಿಯಾರ್‌ಗೆ ಟಿಕೆಟ್ ಹರಿಯುವ ಕೆಲಸ ನೋಡಿಕೋ ಎಂದು ಹೇಳು.

ಪಂಪಾಪತಿ


(ಅದೇ ಲಕೋಟೆಯಲ್ಲಿದ್ದ ಇನ್ನೊಂದು ಹಾಳೆ)

ರಂಜನಿ ಮಗಳ,

ನಾ ಜಂಬಮ್ಮ ಬರಿಯಾಕತ್ತೀನಿ. ಇವರು ಮೇಲೆ ಅಂಗಿ ಹಾಕ್ಕೊಳ್ಳಾಕ ಹೋಗ್ಯಾರ, ಅಷ್ಟ್ರಾಗ ಬರದು ಲಕೋಟಿ ಒಳಗ ತುರಕ್ತೀನಿ. ನೀ ಸಿಟ್ಟು ಅಂತ ತಿಳ್ಕೊಂಡಿ. ಸಿಟ್ಟಲ್ಲವ್ವ. ಅವರ ಮೂಗಿಗೆ ವಾಸನೀನೇ ಬರಂಗಿಲ್ಲ. ನಿವೃತ್ತಿಗಿಂತ ಮುಂಚೇನೇ ಹೋಗೈತಿ. ಬಾಟ್ಲಿ ಮೂಸಿ ಮೂಸಿ ಹಿಂಗಾಗೈತಿ ಅಂತ ರಾಯಚೂರು ಡಾಕ್ಟರ್ ಹೇಳ್ಯಾರ. ಮೊನ್ನಿ ಒಲಿ ಮ್ಯಾಲಿನ ಹಾಲು ಉಕ್ಕಿ ಸೀದು ಕರ್ರಗಾಗೈತಿ, ಇವರು ಬಾಜೂಕ ಕುಂತು ಪೇಪರ್ ಓದಾಕತ್ತಾರ! ನಾ ಓಣಿ ತುದಿಯಿಂದ ವಾಸನಿ ಹಿಡದು ಓಡಿ ಬಂದೆ. ಊರಾಗ ಎಲ್ಲಾರೂ ಸರ್ ಮೂಗು, ಸರ್ ಮೂಗು ಅಂತಾರ. ಇಲ್ಲ ಅಂತ ಹೇಳಾಕ ಇವರಿಗೆ ನಾಚಿಕಿ. ನಾ ಹೇಳೀನಂತ ಹೇಳಬ್ಯಾಡ. ಲ್ಯಾಬ್ ಹೋಕ್ಕೈತಿ ಅಂದಾಗಿಂದ ಸರಿಯಾಗಿ ಉಂಡಿಲ್ಲ.


ಮಸ್ಕಿ
29 ಅಕ್ಟೋಬರ್ 2024

ಪೂಜ್ಯ ಸರ್,

ನೀವು ಬರುವುದು ಬೇಡ. ಹಬ್ಬ, ಮದುವೆ, ಬೀಗರು ಎಲ್ಲ ಸಾಂಗವಾಗಿ ನಡೆಯಲಿ. ನಾನೇ ಮಾಡುತ್ತೇನೆ.

ನಿಮ್ಮ ಬೈಗುಳವನ್ನು ನಾಲ್ಕು ಸಲ ಓದಿದೆ. ಸರಿಯಾಗಿಯೇ ಬೈದಿದ್ದೀರಿ. ಮೂಗನ್ನು ಹತ್ತಿರ ತರದೆ ಈ ನಾಲ್ಕರ ಹೆಸರು ಹಿಡಿಯುವುದು ಹೇಗೆಂದು ದ್ವಿತೀಯ ಪಿಯುಸಿ ಹುಡುಗರಿಗೇ ಕೇಳಿದೆ. ಮುಕ್ಕುಂದದಿಂದ ಬರುವ ಅಮರೇಶ್ವರಿ ಎಂಬ ಹುಡುಗಿ ಬೆಂಚಿನ ಮೇಲೆ ಎದ್ದು ನಿಂತು ಹೇಳಿದಳು: "ಮಿಸ್, ಇಷ್ಟ್ ದಿನ ನೀವ್ ಕೊಟ್ಟ ಉಪ್ಪಿಗೆ ಉತ್ತರ ನಿಮಗ್ ಗೊತ್ತಿರ್ತಿತ್ತು. ಈ ಸಲ ನಿಮಗೂ ಗೊತ್ತಿಲ್ಲ. ಭಾರಿ ಮಜಾ ಐತಿ!" ಹಬ್ಬ ಮುಗಿದ ಮೇಲೆ, ಐದನೇ ತಾರೀಖು, ಬಾಟಲಿ ತೆಗೆಯುವವಳು ನಾನು. ಅವರು ಬಾಗಿಲ ಹತ್ತಿರ ನಿಂತು ಏನಾಗುತ್ತದೆಂದು ಬರೆದುಕೊಳ್ಳುವವರು. ಸಿಂಧನೂರಿಗೆ ಹೋಗಿ ಕಣ್ಣಿಗೆ ಹಾಕುವ ಕನ್ನಡಕ, ದಪ್ಪ ಕೈಗವಸು ತರುತ್ತೇನೆ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಶಿವರಂಜನಿ


ಲಿಂಗಸುಗೂರು
30 ಅಕ್ಟೋಬರ್ 2024

ರಂಜನಿಗೆ,

ಬರುವುದು ಬೇಡ ಎಂದು ಬರೆದಿದ್ದೀಯ. ಸರಿ. ಹಳಬರು ಅಡ್ಡ ಬರಬಾರದು.

ಕಣ್ಣಿಗೆ ಬಿದ್ದರೆ ನಲ್ಲಿಯ ನೀರು ಹದಿನೈದು ನಿಮಿಷ, ಆಮೇಲೆ ಡಾಕ್ಟರು. ಅಂಕಿ ಹಾಕದೆ ಅಕ್ಷರದಲ್ಲೇ ಬರೆದಿದ್ದೇನೆ. ಎರಡು ನಿಮಿಷಕ್ಕೆ ತಲೆ ಎತ್ತಿದರೆ ಬಿಡಬೇಡ.

ಪಂಪಾಪತಿ


ಮಸ್ಕಿ
12 ನವೆಂಬರ್ 2024

ಪೂಜ್ಯ ಸರ್,

ಎರಡು ವಾರ ಪತ್ರ ಬರೆಯಲಿಲ್ಲ. ಬರೆಯಲು ಧೈರ್ಯವಾಗಲಿಲ್ಲ. ಐದನೇ ತಾರೀಖಿನ ನಂತರ ಲ್ಯಾಬೂ ಹೋಯಿತು, ನನ್ನ ನೌಕರಿಯೂ ಹೋಯಿತು ಎಂದೇ ತಿಳಿದಿದ್ದೆ. ಈಗ ಎಲ್ಲ ಹೇಳುತ್ತೇನೆ, ಕೂತು ಓದಿ.

ಅವತ್ತು ಮಧ್ಯಾಹ್ನ ಮೊದಲನೇ ಬಾಟಲಿಯನ್ನು ಬಕೆಟ್‌ನಲ್ಲಿ ನಿಲ್ಲಿಸಿ ಕಾಯುತ್ತಿದ್ದೆ. ಕಿಟಕಿಗಳೆಲ್ಲ ತೆರೆದಿದ್ದವು. ಗಾಳಿಗೆಂದು ಗದ್ದೆಮ್ಮನ ಸೀರೆಯನ್ನೂ ಸರಿಸಿದ್ದೆ, ಆ ತಪ್ಪು ನನ್ನದು. ಮಿಕ್ಕ ಮೂರು ಬಾಟಲಿಗಳ ಮೇಲೆ ಬಿಸಿಲು ಬೀಳುತ್ತಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಇನ್ನಾ ಬಕೆಟ್‌ನಾಗೇ ಐತೇನ್ರಿ? ಪಂಪಾಪತಿ ಸರ್ ಬರಲಿಲ್ಲ ಅಂದ್ರ ಏನಾತು, ನಮಗೂ ಮೂಗೈತಿ" ಎಂದು ಕಪಾಟಿನಿಂದ ಒಂದನ್ನು ಎತ್ತಿಕೊಂಡರು. ನಾನು "ಬ್ಯಾಡ್ರಿ ಸರ್" ಎಂದು ಅವರ ಕೈ ಹಿಡಿಯುವುದಕ್ಕೂ ಮುಚ್ಚಳ ಟಪ್ ಎನ್ನುವುದಕ್ಕೂ ಸರಿಹೋಯಿತು.

ಕೈ ಎಳೆದದ್ದರಿಂದ ಬಾಟಲಿ ಓರೆಯಾಗಿ, ಬಹಳಷ್ಟು ಗೋಡೆಗೆ ಹಾರಿತು. ಆದರೂ ಸ್ವಲ್ಪ ಅವರ ಹಣೆಗೆ, ಕನ್ನಡಕಕ್ಕೆ ಬಿತ್ತು. ಆ ವಾಸನೆ! ಮನುಷ್ಯ ಉಸಿರು ಸಿಕ್ಕದೆ ಬಾಯಿ ಬಿಡುತ್ತಿದ್ದಾರೆ. ನಾನು ಬಾಟಲಿ ಕಸಿದು ಮುಚ್ಚಳ ಒತ್ತಿ ಕಿಟಕಿಯಾಚೆಯ ಕಟ್ಟೆಗಿಟ್ಟೆ. ಹುಡುಗರನ್ನು ಹೊರಗಟ್ಟಿದಳು ಗದ್ದೆಮ್ಮ. ನಾನು ಪ್ರಿನ್ಸಿಪಾಲರ ರಟ್ಟೆ ಹಿಡಿದು ವರಾಂಡದ ನಲ್ಲಿಗೆ ದರದರ ಎಳೆದೊಯ್ದು, ಕನ್ನಡಕ ತೆಗೆದು, ತಲೆಯನ್ನು ನಲ್ಲಿಯ ಕೆಳಗೆ ತಳ್ಳಿದೆ.

ನೀವು ಬರೆದ ಹಾಗೆಯೇ ಎರಡು ನಿಮಿಷಕ್ಕೆ ತಲೆ ಎತ್ತಿದರು. "ಸಾಕ್ರಿ ಮೇಡಂ, ಆರಾಮ್ ಆತು."

"ಸುಮ್ನ ಬಗ್ರಿ ಸರ್! ಇನ್ನೂ ಹದಿಮೂರು ನಿಮಿಷ ಐತಿ!" ಎಂದು ಒದರಿದೆ. ಪ್ರಿನ್ಸಿಪಾಲರಿಗೆ! ಅವರು ತಟ್ಟನೆ ಬಗ್ಗಿದರು. ಅಮರೇಶ್ವರಿ ಗಡಿಯಾರ ಹಿಡಿದು ನಿಮಿಷ ಕೂಗುತ್ತಿದ್ದಳು, ಅರ್ಧ ಕಾಲೇಜು ಸುತ್ತ ನಿಂತಿತ್ತು. ಏಳನೇ ನಿಮಿಷಕ್ಕೆ ಬಿಳಿ ಅಂಗಿಯ ಮೇಲೆ ಕರ್ರಗಿನ ನೀರು ಇಳಿಯತೊಡಗಿತು. ಗದ್ದೆಮ್ಮ "ಅಯ್ಯಯ್ಯೋ, ಸಾಹೇಬ್ರ ತಲೀ ಕರಗಾಕತ್ತೈತಿ!" ಎಂದು ಎದೆ ಬಡಿದುಕೊಂಡಳು. ಹಬ್ಬಕ್ಕೆ ಹಚ್ಚಿಕೊಂಡಿದ್ದ ಕೂದಲಿನ ಬಣ್ಣ ಸರ್ ಅದು. ಹದಿನೈದು ಆಗುವ ಹೊತ್ತಿಗೆ ಪ್ರಿನ್ಸಿಪಾಲರು ಬೆಳ್ಳಗಾಗಿದ್ದರು. ಯಾರೂ ನಗಲಿಲ್ಲ. ಎಲ್ಲರೂ ಮನೆಗೆ ಹೋಗಿ ನಕ್ಕರೆಂದು ಆಮೇಲೆ ತಿಳಿಯಿತು.

ಡಾಕ್ಟರ ಹತ್ತಿರ ಕರೆದೊಯ್ದೆವು. ಕಣ್ಣಿಗೆ ಏನೂ ಆಗಿಲ್ಲ, ಕನ್ನಡಕವೂ ನೀರೂ ಉಳಿಸಿವೆ ಎಂದರು. ಎರಡು ದಿನ ಕೆಮ್ಮು ಇತ್ತು, ಈಗ ಅದೂ ಇಲ್ಲ. ಹೀಗೆ ನಾಲ್ಕರಲ್ಲಿ ಮೊದಲ ಹೆಸರು, ಅಮೋನಿಯಾ, ಪ್ರಿನ್ಸಿಪಾಲರೇ ಕಂಡುಹಿಡಿದಂತಾಯಿತು.

ಅವರು ರಜೆ ಹಾಕಿದರು. ನನಗೆ ಒಂದು ಮಾತೂ ಹೇಳಲಿಲ್ಲ. ಲ್ಯಾಬಿಗೆ ಬೀಗವೂ ಬೀಳಲಿಲ್ಲ. ಬೀಗ ಬೀಳುವ ಮುಂಚೆಯೇ ಉಳಿದ ಮೂರನ್ನು ಮುಗಿಸಿಬಿಡೋಣ ಎಂದು ಹುಡುಗರೇ ಹಟ ಹಿಡಿದರು. ಈ ಸಲ ಸೀರೆ ಇಳಿಬಿಟ್ಟು, ಮೂರನ್ನೂ ತಣ್ಣೀರಿನಲ್ಲಿ ನಿಲ್ಲಿಸಿದೆ. ಮುಚ್ಚಿದ್ದಂತೆಯೇ ಎರಡು ಕೈಯಲ್ಲಿ ಎತ್ತಿ ನೋಡಿದರೆ ಒಂದು ಮಾತ್ರ ಕಲ್ಲಿನ ಹಾಗೆ ಭಾರ, ಓರೆ ಮಾಡಿದರೆ ಒಳಗೆ ಎಣ್ಣೆಯ ಹಾಗೆ ನಿಧಾನ ಹರಿಯುತ್ತದೆ. "ಸಲ್ಫ್ಯೂರಿಕ್!" ಎಂದು ಬಾಗಿಲಿನಿಂದ ಇಪ್ಪತ್ತು ದನಿ. ಮಿಕ್ಕ ಎರಡರಿಂದ ಗಾಜಿನ ಕಡ್ಡಿಯಲ್ಲಿ ಒಂದೊಂದು ಹನಿ ತೆಗೆದು ಅಮೋನಿಯಾದ ಹತ್ತಿರ ಹಿಡಿದರೆ ಎರಡೂ ಬಿಳಿ ಹೊಗೆ ಕಾರಿದವು. ಆಮೇಲೆ ಕಿಟಕಿಯ ಬಳಿ ಎರಡು ಟೆಸ್ಟ್‌ಟ್ಯೂಬಿನಲ್ಲಿ ಅವನ್ನು ಸ್ವಲ್ಪ ಸ್ವಲ್ಪ ಸುರಿದು ತಾಮ್ರದ ತಂತಿಯ ಚೂರು ಹಾಕಿದೆ. ಒಂದರಲ್ಲಿ ಕಂದು ಹೊಗೆ ಎದ್ದಿತು, ಅದು ನೈಟ್ರಿಕ್. ಸುಮ್ಮನೆ ಕೂತದ್ದು ಹೈಡ್ರೋಕ್ಲೋರಿಕ್. ಯಾರ ಮೂಗೂ ಹತ್ತಿರ ಹೋಗಲಿಲ್ಲ ಸರ್. ಎರಡು ವರ್ಷ ನೀವು ಕಲಿಸಿದ್ದೇ ಸಾಕಾಯಿತು.

ಸಿಂಧನೂರಿನಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುವ ಬುಡ್ಡೇಸಾಬ್ ಎಂಬವರನ್ನು ಬಸ್ಸಿನಲ್ಲಿ ಕರೆಸಿದೆ. ಗಾಜಿನ ಮೇಲೆ ಪೇಂಟಿನಲ್ಲೇ ಹೆಸರು ಬರೆದರು. ನೂರು ಸಲ ತೊಳೆದರೂ ಹೋಗುವುದಿಲ್ಲ. ಅಮೋನಿಯಾದ 'ಮೋ'ಗೆ ಉದ್ದ ಬಾಲ ಹಾಕಿಸಿದ್ದೇನೆ. "ಹಿಂದ 'ಹಾರ್ನ್ ಹೊಡೀರಿ' ಅಂತ ಬರೀಲೇನ್ರಿ?" ಎಂದು ಕೇಳಿದರು. 'ಮೂಸಬೇಡಿ' ಎಂದು ಬರೆಯಿರಿ ಎಂದೆ.

ನಿನ್ನೆ ಆಡಳಿತ ಮಂಡಳಿ ಬಂತು. ಪ್ರಿನ್ಸಿಪಾಲರು ಬೆಳ್ಳನೆಯ ತಲೆಯಲ್ಲೇ ಬಂದು ಕೂತಿದ್ದರು. ಒಬ್ಬ ಸದಸ್ಯರು ಆ ದಿನದ ಸುದ್ದಿ ತೆಗೆದು, "ಇಷ್ಟೆಲ್ಲಾ ಆದ ಮ್ಯಾಲೂ ಲ್ಯಾಬ್ ಇಟ್ಕೋಬೇಕೇನ್ರಿ?" ಎಂದರು. ಪ್ರಿನ್ಸಿಪಾಲರು ಎದ್ದು ನಿಂತರು. "ನನಗ ಗೊತ್ತಿಲ್ದ ಮೂಸೀನ್ರಿ. ಆ ಮೇಡಂಗ ಗೊತ್ತಿತ್ತು, ನನ್ನ ಕಣ್ಣು ಉಳದೈತಿ. ಲ್ಯಾಬ್ ಬಂದ್ ಮಾಡಿದ್ರ ಈ ಹುಡುಗ್ರೂ ನಾಳಿ ನನ್ನಂಗ ಮೂಸಿ ನೋಡ್ತಾರ" ಎಂದು ಹೇಳಿ ಕೂತರು. ಆಮೇಲೆ ಯಾರೂ ವಿಡಿಯೋ ಪರದೆಯ ಮಾತೆತ್ತಲಿಲ್ಲ. ಲ್ಯಾಬ್ ಉಳಿಯಿತು ಸರ್! ಗದ್ದೆಮ್ಮ ಮತ್ತೆ ಕಾಯಿ ಒಡೆದಳು, ಬಾಗಿಲ ಹೊರಗೆ.

ಹೋದ ಪತ್ರದಲ್ಲಿ ಬರುವುದು ಬೇಡ ಎಂದು ಬರೆದು ನಿಮ್ಮ ಮನಸ್ಸಿಗೆ ನೋವು ಮಾಡಿದೆ. ನನಗೆ ಬೇರೆ ಹೇಗೆ ಬರೆಯಬೇಕೋ ತಿಳಿಯಲಿಲ್ಲ. ಈಗ ಸರಿಯಾಗಿ ಕರೆಯುತ್ತೇನೆ. ಶನಿವಾರ ಮೊದಲ ಪ್ರಾಕ್ಟಿಕಲ್. ಯಾವ ಬಾಟಲಿಯನ್ನೂ ಮೂಸಲಿಕ್ಕಲ್ಲ. ಹುಡುಗರ ನಡುವೆ ನಿಮ್ಮ ಹಳೆಯ ಕುರ್ಚಿ ಹಾಕಿಸುತ್ತೇನೆ, ಕೂತು ಅವರನ್ನೂ ನನ್ನನ್ನೂ ಬೈಯಲಿಕ್ಕೆ ಬನ್ನಿ. ನೀವಿಲ್ಲದೆ ಅದು ಬರಿಯ ಕೋಣೆ.

ನಿಮ್ಮ
ಶಿವರಂಜನಿ


ಲಿಂಗಸುಗೂರು
13 ನವೆಂಬರ್ 2024

ಮಗಳೇ ರಂಜನಿ,

ಪತ್ರವನ್ನು ಜೋರಾಗಿ ಓದಿದೆ. ಸಾಹೇಬರ ತಲೆ ಕರಗುವ ಜಾಗಕ್ಕೆ ಬಂದಾಗ ಜಂಬಮ್ಮ ನಕ್ಕು ನಕ್ಕು ಒಲೆಯ ಮುಂದೆಯೇ ಕೂತುಬಿಟ್ಟಳು. ನನಗೂ ಕಣ್ಣಲ್ಲಿ ನೀರು ಬಂತು. ನಗುವಿನದೇ ಎಂದು ಅವಳಿಗೆ ಹೇಳಿದ್ದೇನೆ. ಪೂರ್ತಿ ನಗುವಿನದಲ್ಲ.

ಇನ್ನು, ನೀವಿಬ್ಬರೂ ಸೇರಿ ಮುಚ್ಚಿಟ್ಟ ಸಂಗತಿ. ಜಂಬಮ್ಮ ಬಾಲ್‌ಪೆನ್ ಒತ್ತಿ ಬರೆಯುತ್ತಾಳೆ. ಅವಳು ನಿನಗೆ ಬರೆದದ್ದೆಲ್ಲ ನನ್ನ ಪ್ಯಾಡಿನ ಎರಡು ಮೂರು ಹಾಳೆ ಕೆಳಗಿನವರೆಗೂ ಅಚ್ಚು ಬಿದ್ದಿತ್ತು. ನಾನು ಅದನ್ನು ನೋಡಿದ್ದು ಮೊನ್ನೆ. ಅಲ್ಲಿಯವರೆಗೆ 'ಬರುವುದು ಬೇಡ' ಎಂದ ನಿನ್ನ ಮೇಲೆ ಮುನಿಸಿಕೊಂಡು ಎಷ್ಟು ದಿನ ಕಳೆದೆನೋ! ನೋಡಿದ ಮೇಲೆ ನಾಚಿಕೆಯಾಯಿತು, ಆಮೇಲೆ ಹಗುರಾಯಿತು. ಮೂಗು ಹೋದದ್ದು ಗೊತ್ತಾದರೆ ಊರಲ್ಲಿ ನನ್ನದು ಏನು ಉಳಿಯುತ್ತದೆ ಎಂದು ಹೆದರಿದ್ದೆ. ನೀನು ಬರೆದದ್ದನ್ನು ಓದಿದರೆ ಉಳಿದದ್ದು ಸಾಕಷ್ಟಿದೆ.

ಶನಿವಾರ ಬರುತ್ತೇನೆ. ಮುಕ್ತಿಯಾರ್ ಬಸ್ಸಿನಲ್ಲೇ ಬರುತ್ತೇವೆ, ಇಬ್ಬರೂ. ಅಮೋನಿಯಾ ಏನು ಕಸಿದುಕೊಳ್ಳುತ್ತದೆ ಎಂಬುದನ್ನು ಹುಡುಗರಿಗೆ ನಾನೇ ಹೇಳುತ್ತೇನೆ. ಶಿವಕಾಂತನಿಗೆ ಮತ್ತೆ ಬಣ್ಣ ಹಚ್ಚಿಕೊಳ್ಳಬೇಡ ಎಂದು ಹೇಳು, ಬೆಳ್ಳನೆಯ ತಲೆ ಪ್ರಿನ್ಸಿಪಾಲರಿಗೆ ಒಪ್ಪುತ್ತದೆ.

ಜಂಬಮ್ಮ ಶೇಂಗಾ ಹೋಳಿಗೆ ಮಾಡಿ ತರುತ್ತಾಳಂತೆ. ನಲವತ್ತು ವರ್ಷದಿಂದ ತಿನ್ನುತ್ತಿದ್ದೇನೆ, ಆದರೆ ಅದರ ಪರಿಮಳ ನನಗೆ ಮರೆತೇ ಹೋಗಿದೆ. ಡಬ್ಬಿ ತೆಗೆದ ಕೂಡಲೇ ಒಂದನ್ನು ಕೈಗೆತ್ತಿಕೋ. ಅದನ್ನು ಮಾತ್ರ ಮೂಗಿಗೆ ಹಿಡಿದುಕೊಂಡೇ ಮೂಸು. ಮೂಸಿ, ಹೇಗಿದೆ ಎಂದು ನನಗೆ ಹೇಳು.

ಪಂಪಾಪತಿ